ಇತಿಹಾಸವನ್ನು ಓದುಗರ ಮನೆಗೆ ತಂದ ಪ್ರೊ. ಬಿ. ಶೇಖ್ ಅಲಿ

(ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಒಬ್ಬ ಇತಿಹಾಸಕಾರರ ಬಗ್ಗೆ ಮಾತನಾಡಬೇಕೆಂದು ನೀವು ನಮ್ಮನ್ನು ಕರೆದಿದ್ದೀರಿ. 2022ರ ಸೆಪ್ಟೆಂಬರ್ 1ರಂದು ಮೈಸೂರಿನಲ್ಲಿ ನಿಧನರಾದ ಪ್ರೊ. ಬಿ. ಶೇಖ್ ಅಲಿಯವರ ಹೆಸರನ್ನು ಇಲ್ಲಿರುವ ಹಿರಿಯರಲ್ಲಿ ಕೆಲವರಾದರೂ ಕೇಳಿರಬಹುದು. ಕಿರಿಯರಲ್ಲಿ ಬಹುತೇಕರು ಕೇಳಿರಲಾರರು. ಆದರೆ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಯಾರ ಬಗ್ಗೆ ಬರೆಯಲು ವ್ಯಯಿಸಿದರೋ ಆ ಟಿಪ್ಪು ಸುಲ್ತಾನನ ಚಿತ್ರ ಮಾತ್ರ ಈ ನಾಲ್ಕೂ ಊರುಗಳಲ್ಲಿದೆ. ಆಟೋರಿಕ್ಷಾಗಳ ಹಿಂದೆ ಇದೆ, ಗ್ಯಾರೇಜುಗಳ ಗೋಡೆಯ ಮೇಲಿದೆ, ನವೆಂಬರ್ ಬಂತೆಂದರೆ ವೃತ್ತಗಳಲ್ಲಿ ಕಟ್ಟುವ ಬ್ಯಾನರುಗಳಲ್ಲಿದೆ. ಚಿತ್ರವಿರುವ ಮನೆಗಳಲ್ಲಿ ಟಿಪ್ಪುವಿನ ಬಗ್ಗೆ ಬರೆದ ಒಂದು ಪುಸ್ತಕವಾದರೂ ಇರುವ ಮನೆಗಳೆಷ್ಟು? ಉತ್ತರವನ್ನು ನಾವು ಹೇಳುವ ಅಗತ್ಯವಿಲ್ಲ. ಚಿತ್ರಕ್ಕೂ ಪುಸ್ತಕಕ್ಕೂ ನಡುವೆ ಇರುವ ಈ ದೂರವೇ ಇಂದಿನ ನಮ್ಮ ಮಾತಿನ ವಿಷಯ.

ಶೇಖ್ ಅಲಿಯವರು ಹಾಸನ ಜಿಲ್ಲೆಯ ಬೆಳಗೋಡಿನವರು. ಅಲಿಗಢ ಮತ್ತು ಲಂಡನ್ ಎರಡೂ ಕಡೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಇತಿಹಾಸ ಬೋಧಿಸಿದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅದರ ಪ್ರಥಮ ಕುಲಪತಿಯಾದರು. 1985ರಲ್ಲಿ ಗೋವಾ ವಿಶ್ವವಿದ್ಯಾನಿಲಯ ಆರಂಭವಾದಾಗ ಅಲ್ಲಿಯೂ ಪ್ರಥಮ ಕುಲಪತಿಯ ಹೊಣೆ ಅವರ ಹೆಗಲಿಗೇ ಬಂತು. ಎರಡು ವಿಶ್ವವಿದ್ಯಾನಿಲಯಗಳನ್ನು ಬುನಾದಿಯಿಂದ ಕಟ್ಟುವ ಅವಕಾಶ ಒಬ್ಬನೇ ವ್ಯಕ್ತಿಗೆ ದೊರೆಯುವುದು ಅಪರೂಪ. ಮೈಸೂರಿನ ಸುಲ್ತಾನ್ ಶಹೀದ್ ಎಜುಕೇಶನ್ ಟ್ರಸ್ಟಿನ ಜೊತೆಗೂ ಅವರ ಹೆಸರು ಸೇರಿಕೊಂಡಿದೆ. ಅವರು ಏರಿದ ಹುದ್ದೆಗಳ ವಿವರವನ್ನು ಇಷ್ಟಕ್ಕೇ ಸಾಕು ಮಾಡೋಣ. ಹುದ್ದೆಗಳನ್ನು ಏರಿದ ವಿದ್ವಾಂಸರು ನಾಡಿನಲ್ಲಿ ಇನ್ನೂ ಅನೇಕರಿದ್ದಾರೆ. ಸಂಶೋಧನಾ ಗ್ರಂಥ ಬರೆದ ಕೈಯಿಂದಲೇ ಸಾಮಾನ್ಯ ಓದುಗನಿಗಾಗಿಯೂ ಪುಸ್ತಕ ಬರೆದವರು ಮಾತ್ರ ವಿರಳ.

ಅವರ ಮೊದಲ ದೊಡ್ಡ ಗ್ರಂಥ 1963ರಲ್ಲಿ ಪ್ರಕಟವಾಯಿತು. ಹೈದರ್ ಅಲಿಯೊಂದಿಗೆ ಬ್ರಿಟಿಷರ ಸಂಬಂಧ ಹೇಗಿತ್ತೆಂಬುದು ಅದರ ವಿಷಯ. 1760ರಿಂದ 1782ರವರೆಗಿನ ಕಾಲ. ಈ ವಿಷಯವನ್ನು ಆರಿಸಿಕೊಂಡದ್ದರ ಅರ್ಥವನ್ನು ತಿಳಿಯಬೇಕಾದರೆ ಮೈಸೂರಿನ ಇತಿಹಾಸವನ್ನು ಅಲ್ಲಿಯವರೆಗೆ ಯಾರು ಬರೆದಿದ್ದರು ಎಂಬುದನ್ನು ಗಮನಿಸಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯೊಂದಿಗೆ ಸುಲ್ತಾನನ ಗ್ರಂಥಾಲಯವೂ ಗೆದ್ದವರ ಕೈಸೇರಿತು. ಸುಮಾರು 2000 ಹಸ್ತಪ್ರತಿಗಳು ಹಂಚಿಹೋದವು; ಕೆಲವು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ, ಕೆಲವು ಇಂಗ್ಲೆಂಡಿಗೆ. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಎಂಬಾತ ಆ ಗ್ರಂಥಾಲಯದ ವಿವರಣಾತ್ಮಕ ಸೂಚಿಯನ್ನು ಕೇಂಬ್ರಿಜಿನಲ್ಲಿ ಮುದ್ರಿಸಿದ. ಸುಲ್ತಾನ್ ತನ್ನ ಕೈಯಾರೆ ಪರ್ಶಿಯನ್ ಭಾಷೆಯಲ್ಲಿ ಬರೆದಿಟ್ಟ ಕನಸುಗಳ ಪುಸ್ತಕ ಕೂಡ ಲಂಡನ್ನಿಗೆ ಹೋಯಿತು. ಆ ನಂತರ ಇತಿಹಾಸ ಬರೆದವರು ಯಾರು? ಮೈಸೂರಿನಲ್ಲಿ ಕಂಪೆನಿಯ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಮೂರು ಸಂಪುಟಗಳನ್ನು ತಂದರು. ಕಂಪೆನಿಯ ಸೇನಾಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಟಿಪ್ಪುವಿನ ಆಯ್ದ ಪತ್ರಗಳನ್ನು ಅನುವಾದಿಸಿ ಪ್ರಕಟಿಸಿದರು. ಇಲ್ಲಿ 'ಆಯ್ದ' ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ಆಯ್ದವರು ಯಾರು, ಯಾವುದನ್ನು ಬಿಟ್ಟರು? ಸೋತವನ ಕಾಗದಗಳು ಗೆದ್ದವನ ಕಪಾಟಿನಲ್ಲಿದ್ದಾಗ ಇತಿಹಾಸ ಗೆದ್ದವನ ನಾಲಿಗೆಯಲ್ಲಿಯೇ ಮಾತನಾಡುತ್ತದೆ. ಆದುದರಿಂದಲೇ ಮೈಸೂರಿನ ಕಥೆಯನ್ನು ತಿಳಿಯಲು ಹಾಸನ ಜಿಲ್ಲೆಯ ಯುವಕನೊಬ್ಬ ಲಂಡನ್ನಿಗೆ ಹೋಗಬೇಕಾಯಿತು.

ಈ ಕೆಲಸದಲ್ಲಿ ಅವರು ಒಂಟಿಯಾಗಿರಲಿಲ್ಲ. ಪ್ರೊ. ಮೊಹಿಬ್ಬುಲ್ ಹಸನ್ ಅವರ ಟಿಪ್ಪು ಚರಿತ್ರೆ 1951ರಲ್ಲೇ ಇಂಗ್ಲಿಷಿನಲ್ಲಿ ಬಂದಿತ್ತು. ಅದಕ್ಕೂ ಮುಂಚೆ ಬೆಂಗಳೂರಿನ ಮಹ್ಮೂದ್ ಖಾನ್ ಮಹ್ಮೂದ್ ಅವರು ಉರ್ದುವಿನಲ್ಲಿ 'ತಾರೀಖ್ ಸಲ್ತನತೆ ಖುದಾದಾದ್' ಬರೆದಿದ್ದರು. ಉರ್ದು ಓದಬಲ್ಲ ಮನೆಗಳಲ್ಲಿ ಇನ್ನೂ ಹೆಚ್ಚು ಓಡಾಡಿದ್ದು ನಸೀಮ್ ಹಿಜಾಝಿಯವರ ಕಾದಂಬರಿಗಳು. ಟಿಪ್ಪುವಿನ ಅಂತ್ಯವನ್ನು ಕುರಿತ ಅವರ 'ಔರ್ ತಲ್ವಾರ್ ಟೂಟ್ ಗಯೀ' ಕಾದಂಬರಿಯನ್ನು ಕಣ್ಣೀರಿಡುತ್ತ ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆಮೇಲೆ ಬಂದದ್ದು ಭಗವಾನ್ ಗಿಡ್ವಾನಿಯವರ ಇಂಗ್ಲಿಷ್ ಕಾದಂಬರಿ, 1976ರಲ್ಲಿ. 1990ರಲ್ಲಿ ಅದು ದೂರದರ್ಶನದ ಧಾರಾವಾಹಿಯಾಯಿತು. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಇಡೀ ಬೀದಿ ಕುಳಿತು ನೋಡಿದ ಕಾಲವದು.

ಕಾದಂಬರಿ ತಪ್ಪಲ್ಲ, ಧಾರಾವಾಹಿಯೂ ತಪ್ಪಲ್ಲ. ಆದರೆ ಕಾದಂಬರಿಕಾರನಿಗೆ ಸಂಭಾಷಣೆ ಕಲ್ಪಿಸುವ ಹಕ್ಕಿದೆ, ಇತಿಹಾಸಕಾರನಿಗಿಲ್ಲ. ಈ ವ್ಯತ್ಯಾಸ ಅಳಿಸಿಹೋದಾಗ ಏನಾಗುತ್ತದೆ? ಧಾರಾವಾಹಿಯಲ್ಲಿ ಕೇಳಿದ ಮಾತು ವೇದಿಕೆಯ ಭಾಷಣದಲ್ಲಿ ಟಿಪ್ಪುವಿನದೇ ಮಾತಾಗಿ ಬರುತ್ತದೆ. ಎದುರಾಳಿ 'ಪುರಾವೆ ಎಲ್ಲಿ?' ಎಂದು ಕೇಳಿದೊಡನೆ ಭಾಷಣಕಾರ ತಡವರಿಸುತ್ತಾನೆ. ಒಂದು ಸುಳ್ಳು ಪುರಾವೆ ಹತ್ತು ನಿಜ ಪುರಾವೆಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದರೆ ನ್ಯಾಷನಲ್ ಬುಕ್ ಟ್ರಸ್ಟ್ 1972ರಲ್ಲಿ ತನ್ನ ರಾಷ್ಟ್ರೀಯ ಜೀವನಚರಿತ್ರೆ ಮಾಲೆಯಲ್ಲಿ ಹೊರತಂದ ಶೇಖ್ ಅಲಿಯವರ 'ಟಿಪ್ಪು ಸುಲ್ತಾನ್' ಎಂಬ ಪುಟ್ಟ ಪುಸ್ತಕದ ಬೆಲೆ ತಿಳಿಯುತ್ತದೆ. ಆ ಮಾಲೆ ಹುಟ್ಟಿದ್ದೇ ವಿದ್ವಾಂಸನಲ್ಲದ ಓದುಗನಿಗಾಗಿ. ಶಾಲಾ ಶಿಕ್ಷಕ, ಕಾರ್ಖಾನೆಯ ಕಾರ್ಮಿಕ, ಕಾಲೇಜಿನ ಹುಡುಗಿ ಮುಂತಾದವರು ಕಡಿಮೆ ಬೆಲೆಗೆ ಕೊಂಡು ನಾಲ್ಕು ಸಂಜೆಗಳಲ್ಲಿ ಓದಿ ಮುಗಿಸಬಹುದಾದ ಪುಸ್ತಕಗಳವು. ಇಂಥ ಪುಸ್ತಕ ಬರೆಯುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಸಂಶೋಧನಾ ಗ್ರಂಥಕ್ಕಿಂತ ಕಷ್ಟ. ಸಂಶೋಧಕನಿಗೆ ಅನುಮಾನ ಬಂದರೆ ಅಡಿಟಿಪ್ಪಣಿಯಲ್ಲಿ ಆಶ್ರಯ ಪಡೆಯುತ್ತಾನೆ. ಸಾಮಾನ್ಯ ಓದುಗನಿಗೆ ಬರೆಯುವವನಿಗೆ ಆ ಆಶ್ರಯವಿಲ್ಲ. ನೂರು ದಾಖಲೆಗಳನ್ನು ಓದಿ ತೊಂಬತ್ತನ್ನು ಪಕ್ಕಕ್ಕಿಟ್ಟು, ಉಳಿದ ಹತ್ತರ ಸಾರವನ್ನು ಸತ್ಯ ಕೆಡದಂತೆ ಹೇಳಬೇಕು. ಓದುಗ ಪರಿಶೀಲಿಸಲಾರ, ಆದ್ದರಿಂದಲೇ ಲೇಖಕನ ಮೇಲಿನ ಹೊಣೆ ಹೆಚ್ಚು.

ಒಂದೆರಡು ಉದಾಹರಣೆಗಳನ್ನು ನೋಡೋಣ. ಟಿಪ್ಪು ಶೃಂಗೇರಿಯ ಮಠಕ್ಕೆ ಬರೆದ ಪತ್ರಗಳ ವಿಷಯ ನೀವೆಲ್ಲ ಕೇಳಿದ್ದೀರಿ. 1791ರಲ್ಲಿ ಮರಾಠಾ ಸೈನ್ಯದ ಜೊತೆಗಿದ್ದ ಲೂಟಿಕೋರರು ಶೃಂಗೇರಿಯನ್ನು ಕೊಳ್ಳೆ ಹೊಡೆದಾಗ ಸುಲ್ತಾನ್ ಅಲ್ಲಿನ ಗುರುಗಳಿಗೆ ಸಾಂತ್ವನದ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ. ಇದು ನಿಜ. ಆದರೆ ಇದನ್ನು ಹೇಳುವವರಲ್ಲಿ ಹೆಚ್ಚಿನವರಿಗೆ ಆ ಪತ್ರಗಳು ನಮಗೆ ಹೇಗೆ ದೊರೆತವೆಂಬುದು ಗೊತ್ತಿಲ್ಲ. 1916ರಲ್ಲಿ ಅವುಗಳನ್ನು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು, ಅಂದರೆ 'ಕರ್ನಾಟಕ ಕವಿಚರಿತೆ'ಯನ್ನು ಕೊಟ್ಟ ಮಹಾನುಭಾವರೇ. ಸುಮಾರು 30 ಪತ್ರಗಳು, ಕನ್ನಡದಲ್ಲಿವೆ. ಮಠವು ಅವುಗಳನ್ನು ಒಂದು ಶತಮಾನಕ್ಕೂ ಮೀರಿ ಜೋಪಾನವಾಗಿ ಇರಿಸಿಕೊಂಡಿತ್ತು. ಸುಲ್ತಾನನ ಪರವಾಗಿ ಇಂದು ನುಡಿಯುವ ಅತ್ಯಂತ ಬಲವಾದ ಸಾಕ್ಷ್ಯ ಉಳಿದದ್ದು ಒಂದು ಮಠದ ಕಡತದಲ್ಲಿ. ಅದನ್ನು ಲೋಕಕ್ಕೆ ಕೊಟ್ಟದ್ದು ಓರ್ವ ಬ್ರಾಹ್ಮಣ ವಿದ್ವಾಂಸರ ಪ್ರಾಮಾಣಿಕತೆ. ಸುಲ್ತಾನನನ್ನು ಹೊಗಳುವ ವೇದಿಕೆಗಳಲ್ಲಿ ಈ ಭಾಗವನ್ನು ಯಾರೂ ಹೇಳುವುದಿಲ್ಲವೇಕೆ?

ಇನ್ನೊಂದು, ರಾಕೆಟ್. ಟಿಪ್ಪು ಜಗತ್ತಿನಲ್ಲಿ ಮೊದಲು ರಾಕೆಟ್ ಕಂಡುಹಿಡಿದನೆಂದು ಪ್ರತಿ ವರ್ಷ ನಮ್ಮ ಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ, ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಚೀನಾದಲ್ಲಿ ರಾಕೆಟ್ ಅದಕ್ಕೆ ಶತಮಾನಗಳ ಹಿಂದೆಯೇ ಇತ್ತು. ಭಾರತದ ಸೈನ್ಯಗಳಲ್ಲಿಯೂ ಬಾಣದ ರೂಪದಲ್ಲಿ ಬಳಕೆಯಲ್ಲಿತ್ತು. ಮೈಸೂರಿನವರ ಸಾಧನೆ ಬೇರೆಯದು, ಅದು ಸಣ್ಣದೂ ಅಲ್ಲ. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ, ಅದರ ಬಲವನ್ನೂ ದೂರವನ್ನೂ ಹೆಚ್ಚಿಸಿದರು. ಹೈದರನ ಕಾಲದಲ್ಲೇ ರಾಕೆಟ್ ದಳವಿತ್ತು, ಟಿಪ್ಪು ಅದನ್ನು ಬಹಳವಾಗಿ ಬೆಳೆಸಿದ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ಸೋತ ಚಿತ್ರ ಇಂದಿಗೂ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲಿದೆ. 1799ರ ನಂತರ ಇಂಗ್ಲೆಂಡಿಗೆ ಒಯ್ದ ಈ ರಾಕೆಟ್‌ಗಳಿಂದ ಕಲಿತು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್‌ಗಳನ್ನು ರೂಪಿಸಿದ. ನಿಜಸಂಗತಿಯೇ ಇಷ್ಟು ಹೆಮ್ಮೆಪಡುವಂಥದ್ದಾಗಿರುವಾಗ ಅದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವಾದರೂ ಏನಿದೆ?

ಇನ್ನು ಕಠಿಣವಾದ ವಿಷಯಕ್ಕೆ ಬರೋಣ. ಕೊಡಗಿನಲ್ಲಿ, ಮಲಬಾರಿನಲ್ಲಿ, ಕರಾವಳಿಯಲ್ಲಿ ಟಿಪ್ಪುವಿನ ನೆನಪು ಸಿಹಿಯಾಗಿಲ್ಲ. 1784ರಲ್ಲಿ, ಅಂದರೆ ಮಂಗಳೂರು ಒಪ್ಪಂದವಾದ ವರ್ಷದಲ್ಲಿಯೇ, ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ದಾರಿಯಲ್ಲಿ ಸತ್ತವರಿದ್ದಾರೆ, ಸೆರೆಯಲ್ಲಿ ಮಡಿದವರಿದ್ದಾರೆ, ಬಲವಂತಕ್ಕೆ ಒಳಗಾದವರಿದ್ದಾರೆ. ಎಷ್ಟು ಜನ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಘಟನೆ ನಡೆಯಿತೆಂಬುದರಲ್ಲಿ ಇಲ್ಲ. ಕ್ರೈಸ್ತರು ಕಂಪೆನಿಗೆ ನೆರವಾದರೆಂಬ ಶಂಕೆಯೇ ಇದಕ್ಕೆ ಕಾರಣವೆಂದು ಟಿಪ್ಪುವಿನ ಪರವಾಗಿ ಹೇಳಲಾಗುತ್ತದೆ. ರಾಜಕೀಯ ಕಾರಣವನ್ನು ತಿಳಿಸುವುದು ಇತಿಹಾಸಕಾರನ ಕರ್ತವ್ಯ. ಆದರೆ ಕಾರಣ ತಿಳಿಸಿದ ಮಾತ್ರಕ್ಕೆ ಸೆರೆಯಾದ ತಾಯಂದಿರ, ಮಕ್ಕಳ ಸಂಕಟ ಸುಳ್ಳಾಗುವುದಿಲ್ಲ. ಯಾರೋ ಕೆಲವರು ಮಾಡಿದ ತಪ್ಪಿಗೆ ಇಡೀ ಸಮುದಾಯವನ್ನು ಶಿಕ್ಷಿಸುವುದು ಅನ್ಯಾಯವೆಂದು ಇಂದು ಮುಸ್ಲಿಮರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಇಂದು ಹೇಳುವ ನ್ಯಾಯ 1784ಕ್ಕೂ ಅನ್ವಯಿಸಬೇಕು.

ಟಿಪ್ಪುವಿನ ಇತಿಹಾಸಕಾರನೆಂದೇ ಹೆಸರಾದ ವ್ಯಕ್ತಿ ಅದೇ ಮಂಗಳೂರಿನ ವಿಶ್ವವಿದ್ಯಾನಿಲಯಕ್ಕೆ ಮೊದಲ ಕುಲಪತಿಯಾದರು. ಸೆರೆಯಿಂದ ಮರಳಿದವರ ಮರಿಮಕ್ಕಳು ವಾಸಿಸುವ ಊರದು. ಇತಿಹಾಸಕಾರನ ಓದುಗರಲ್ಲಿ ಟಿಪ್ಪುವನ್ನು ಪ್ರೀತಿಸುವವರೂ ಇರುತ್ತಾರೆ, ಅವನ ಹೆಸರು ಕೇಳಿದರೆ ನೋಯುವವರೂ ಇರುತ್ತಾರೆ. ಇಬ್ಬರೂ ಓದಬಲ್ಲಂತೆ ಬರೆಯುವುದೇ ಈ ವೃತ್ತಿಯ ಪರೀಕ್ಷೆ. 1982ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಹೆಸರು 'ಟಿಪ್ಪು ಸುಲ್ತಾನ್: ಎ ಸ್ಟಡಿ ಇನ್ ಡಿಪ್ಲೊಮಸಿ ಅಂಡ್ ಕನ್‌ಫ್ರಂಟೇಶನ್'. ರಾಜತಂತ್ರ ಮತ್ತು ಸಂಘರ್ಷ ಎಂಬ ಎರಡು ಪದಗಳನ್ನು ಗಮನಿಸಿ. ಟಿಪ್ಪುವನ್ನು ಧರ್ಮದ ಕನ್ನಡಿಯಲ್ಲಿ ಮಾತ್ರ ನೋಡುವ ಎರಡೂ ಪಕ್ಷದವರಿಂದ ಬಿಡಿಸಿ, ಹದಿನೆಂಟನೆಯ ಶತಮಾನದ ರಾಜಕಾರಣದ ಮಧ್ಯೆ ತಂದು ನಿಲ್ಲಿಸುವ ಪ್ರಯತ್ನವದು. ಇಳಿವಯಸ್ಸಿನಲ್ಲಿ ಬಂದ ಇನ್ನೊಂದು ಪುಸ್ತಕದ ಹೆಸರಿನಲ್ಲಿ ಟಿಪ್ಪು 'ಕ್ರುಸೇಡರ್ ಫಾರ್ ಚೇಂಜ್' ಆಗಿದ್ದಾನೆ. ಅಲ್ಲಿ ಅಭಿಮಾನ ಶೀರ್ಷಿಕೆಗೇ ಏರಿದೆ. ನಮಗೆ ಹಿಂದಿನ ಹೆಸರೇ ಹೆಚ್ಚು ಇಷ್ಟ.

ಅವರನ್ನು ಟಿಪ್ಪುವಿಗೆ ಮಾತ್ರ ಕಟ್ಟಿಹಾಕುವುದೂ ಅನ್ಯಾಯ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು ಕರ್ನಾಟಕದ ಸಮಗ್ರ ಇತಿಹಾಸ ಮಾಲೆಯಲ್ಲಿ ತಲಕಾಡಿನ ಗಂಗರ ಚರಿತ್ರೆಯನ್ನು ಪ್ರಕಟಿಸಿತು. ಗಂಗರೆಂದರೆ ಶ್ರವಣಬೆಳಗೊಳದ ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯನ ಒಡೆಯರು, ಜೈನ ಧರ್ಮದ ಪೋಷಕರು. ಆ ಗ್ರಂಥದ ಕರ್ತೃ ಶೇಖ್ ಅಲಿಯವರು. ಮುಸ್ಲಿಮನಾದವನು ಮುಸ್ಲಿಂ ರಾಜರ ಬಗ್ಗೆ ಮಾತ್ರ ಬರೆಯಬೇಕು, ಲಿಂಗಾಯತನು ಬಸವಣ್ಣನ ಬಗ್ಗೆ ಮಾತ್ರ, ಜೈನನು ಗಂಗರ ಬಗ್ಗೆ ಮಾತ್ರ ಎಂಬ ಅಲಿಖಿತ ಕಾನೂನು ಈಗ ಎಲ್ಲೆಡೆ ಹಬ್ಬುತ್ತಿದೆ. ಆ ಕಾನೂನನ್ನು ಅವರು ಮಾನ್ಯ ಮಾಡಲಿಲ್ಲ. ಝಾಕಿರ್ ಹುಸೇನ್ ಮತ್ತು ದಿವಾನ್ ಸರ್ ಮಿರ್ಝಾ ಇಸ್ಮಾಯೀಲ್ ಅವರ ಜೀವನಚರಿತ್ರೆಗಳನ್ನೂ ಬರೆದರು. ಒಬ್ಬರು ಜಾಮಿಯಾ ಮಿಲ್ಲಿಯಾವನ್ನು ಕಷ್ಟದ ದಿನಗಳಲ್ಲಿ ಉಳಿಸಿ, ಮುಂದೆ ರಾಷ್ಟ್ರಪತಿಯಾದವರು. ಇನ್ನೊಬ್ಬರು 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಇಬ್ಬರೂ ಕತ್ತಿ ಹಿಡಿದವರಲ್ಲ. ಇವರ ಚಿತ್ರ ಯಾವ ಆಟೋದ ಹಿಂದೆಯೂ ಕಾಣಸಿಗದು.

ಒಂದು ಕೊರತೆಯನ್ನೂ ಹೇಳಲೇಬೇಕು. ಈ ಮುಖ್ಯ ಗ್ರಂಥಗಳೆಲ್ಲ ಇಂಗ್ಲಿಷಿನವು. ಎಂ.ಎ. ವಿದ್ಯಾರ್ಥಿಗಳು ಅವರ 'ಹಿಸ್ಟರಿ: ಇಟ್ಸ್ ಥಿಯರಿ ಅಂಡ್ ಮೆಥಡ್' ಓದಿ ಪರೀಕ್ಷೆ ಬರೆದರು. ಆದರೆ ಹಳಿಯಾಳದ ಕನ್ನಡ ಶಾಲೆಯಲ್ಲಿ ಕಲಿತ ಹುಡುಗನಿಗೂ, ಉರ್ದು ಶಾಲೆಯಲ್ಲಿ ಕಲಿತ ಅವನ ಅಕ್ಕನಿಗೂ ಆ ಬಾಗಿಲು ಅರ್ಧ ಮಾತ್ರ ತೆರೆದಿತ್ತು. ಸಾಮಾನ್ಯ ಓದುಗನಿಗಾಗಿ ಬರೆಯುವುದೆಂದರೆ ಸರಳವಾಗಿ ಬರೆಯುವುದಷ್ಟೇ ಅಲ್ಲ, ಅವನ ಭಾಷೆಯಲ್ಲಿ ಬರೆಯುವುದೂ ಹೌದು. ಬಿಟ್ಟುಹೋದ ಆ ಜಾಗವನ್ನು ಬೇರೆಯವರು ತುಂಬಿದರು.

ಹೇಗೆ ತುಂಬಿದರೆಂಬುದನ್ನು ಇತ್ತೀಚಿನ ವರ್ಷಗಳಲ್ಲಿ ಕಂಡಿದ್ದೇವೆ. 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, ಮಡಿಕೇರಿಯಲ್ಲಿ ಜೀವಹಾನಿಯಾಯಿತು. 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. ಆಚರಣೆ ಬಂದಾಗಲೂ ಹೋದಾಗಲೂ ಪುಸ್ತಕ ಓದಿದವರ ಸಂಖ್ಯೆ ಹೆಚ್ಚಿದಂತೆ ಕಾಣಲಿಲ್ಲ. 2022ರ ನವೆಂಬರಿನಲ್ಲಿ, ಶೇಖ್ ಅಲಿಯವರು ತೀರಿಕೊಂಡು ಮೂರು ತಿಂಗಳು ತುಂಬುವ ಮೊದಲೇ, ಮೈಸೂರಿನ ರಂಗಾಯಣದಲ್ಲಿ ಟಿಪ್ಪುವಿನ 'ನಿಜಕನಸು'ಗಳ ಹೆಸರಿನ ನಾಟಕ ರಂಗವೇರಿತು. ಅದರ ಬೆನ್ನಿಗೇ ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂಬ ಕಥೆ ಚುನಾವಣೆಯ ಹೊತ್ತಿನಲ್ಲಿ ಊರೂರಿಗೆ ಹಬ್ಬಿತು. ಸಿನೆಮಾ ತೆಗೆಯುವ ಘೋಷಣೆಯೂ ಆಯಿತು. 2023ರ ಮಾರ್ಚಿನಲ್ಲಿ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಐತಿಹಾಸಿಕ ಆಧಾರ ಎಲ್ಲಿದೆಯೆಂದು ಕೇಳಿದ ಮೇಲೆ ಸಿನೆಮಾ ನಿಂತಿತು. ಇತಿಹಾಸಕಾರನ ಮೂಲಪ್ರಶ್ನೆಯನ್ನು ಒಬ್ಬ ಮಠಾಧೀಶರು ಕೇಳಿದರು. ಆ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ನಾವು ಅವರಿಗೆ ಋಣಿಗಳು.

ಈ ಪ್ರಶ್ನೆ ಮುಸ್ಲಿಮರಿಗೆ ಹೊಸದಾಗಿರಬಾರದಿತ್ತು. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದ್ ಕೇಳುತ್ತಿದ್ದರು. ಯಾರು ಹೇಳಿದರು, ಯಾರಿಂದ ಕೇಳಿದರು, ಹೇಳಿದವನ ನೆನಪು ಎಂಥದ್ದು, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ? ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ತನ್ನ 'ಮುಕದ್ದಿಮಾ'ದ ಆರಂಭದಲ್ಲೇ ಹಿಂದಿನ ಇತಿಹಾಸಕಾರರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಸೈನ್ಯದಲ್ಲಿ ಆರು ಲಕ್ಷ ಜನರಿದ್ದರೆಂದು ಬರೆಯುತ್ತೀರಲ್ಲ, ಅಷ್ಟು ಜನ ನಿಲ್ಲಲು ಆ ನೆಲದಲ್ಲಿ ಜಾಗವಿತ್ತೇ ಎಂಬುದು ಅವನ ವಾದದ ತಿರುಳು. ಇಂಥ ಪರಂಪರೆಯ ವಾರಸುದಾರರು ಇಂದು ಮೊಬೈಲಿಗೆ ಬಂದ ಸಂದೇಶವನ್ನು ಓದಿ ಮುಗಿಸುವ ಮೊದಲೇ ಹತ್ತು ಜನರಿಗೆ ದಾಟಿಸುತ್ತಾರೆ.

ಈಗ ನಮ್ಮ ಈ ನಾಲ್ಕು ತಾಲೂಕುಗಳ ವಿಷಯ. ಟಿಪ್ಪುವಿನ ಇತಿಹಾಸಕ್ಕೂ ಹಳಿಯಾಳಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. 1763-64ರ ಸುಮಾರಿಗೆ ಹೈದರ್ ಅಲಿ ಬಿದನೂರನ್ನು ಗೆದ್ದ ಬಳಿಕ ಶಿರಸಿಯ ಬಳಿಯ ಸೋಂದಾ ರಾಜ್ಯವನ್ನೂ ವಶಪಡಿಸಿಕೊಂಡ. ಸೋಂದಾ ಅರಸ ಪೋರ್ಚುಗೀಸರ ಆಶ್ರಯಕ್ಕೆ ಗೋವೆಗೆ ಹೋದ. ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಮನೆಯಿಂದ ಹೊರಬಂದ ಧೋಂಡಿಯಾ ವಾಘ್ ಎಂಬ ಸಾಹಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಪೆನಿಯನ್ನು ಕಾಡಿದ. ಅವನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ಸೇನಾಪತಿ, ಬರೆದ ಪತ್ರಗಳಲ್ಲಿ ಹಳಿಯಾಳದ ಹೆಸರು ಇಂಗ್ಲಿಷರ ನಾಲಿಗೆಗೆ ಸಿಕ್ಕು ವಿಚಿತ್ರ ಕಾಗುಣಿತದಲ್ಲಿ ಬರುತ್ತದೆ. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಹತನಾದ. ನಮ್ಮ ಊರಿನ ಕೋಟೆಯ ಪಕ್ಕದಲ್ಲೇ ದಿನವೂ ನಡೆದುಹೋಗುವ ಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ?

ಹೇಳುವುದು ಸುಲಭವಲ್ಲ, ಅದಕ್ಕೂ ಕಾರಣವಿದೆ. ನಮ್ಮ ಜಿಲ್ಲೆ 1799ರ ನಂತರ ಕಂಪೆನಿಯ ಮದ್ರಾಸ್ ಆಡಳಿತಕ್ಕೆ ಸೇರಿತು, 1862ರಲ್ಲಿ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ನಮ್ಮ ಕಾಗದಗಳು ಚೆನ್ನೈಯಲ್ಲಿವೆ, ಮುಂಬಯಿಯಲ್ಲಿವೆ, ಬೆಂಗಳೂರಿನಲ್ಲಿವೆ, ಸೋಂದಾದ ವ್ಯವಹಾರ ಪಣಜಿಯ ದಾಖಲೆಗಳಲ್ಲಿದೆ. ಆದರೂ ಆರಂಭಿಸಲು ಪುಸ್ತಕಗಳಿಲ್ಲವೆಂದಲ್ಲ. 1883ರ ಮುಂಬಯಿ ಗೆಝೆಟಿಯರಿನ ಕೆನರಾ ಸಂಪುಟಗಳಿವೆ. ಡಾ. ಸೂರ್ಯನಾಥ ಕಾಮತರ ಸಂಪಾದಕತ್ವದಲ್ಲಿ 1985ರಲ್ಲಿ ಬಂದ ಉತ್ತರ ಕನ್ನಡ ಜಿಲ್ಲಾ ಗೆಝೆಟಿಯರ್ ಇದೆ. 2015ರಲ್ಲಿ ನಿಧನರಾದ ಕಾಮತರೂ ಜನಸಾಮಾನ್ಯರಿಗಾಗಿ ಕರ್ನಾಟಕದ ಸಂಕ್ಷಿಪ್ತ ಇತಿಹಾಸ ಬರೆದವರೇ. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಒಪ್ಪದವರ ಪುಸ್ತಕವನ್ನೂ ಓದದೆ ಇತಿಹಾಸ ತಿಳಿಯುವುದಿಲ್ಲ.

ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಬಹಳವಿದೆ. ಸಿದ್ದಿಯರ ವಿಷಯ ತೆಗೆದುಕೊಳ್ಳಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳಲ್ಲಿದೆ. ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸ್ಲಿಮರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಅವರ ಬಗ್ಗೆ ಇಂಗ್ಲಿಷಿನಲ್ಲಿ ಅಧ್ಯಯನ ಗ್ರಂಥ ಪ್ರಕಟಿಸಿದರು. ಮಸೀದಿಯ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಸಿದ್ದಿ ಸಹೋದರನ ಅಜ್ಜಿ ಏನನ್ನು ನೆನೆಸಿಕೊಳ್ಳುತ್ತಾಳೆಂದು ಕೇಳಿ ಬರೆದುಕೊಂಡವರು ನಮ್ಮ ಜಮಾಅತುಗಳಲ್ಲಿ ಎಷ್ಟು ಜನ? ನಾಲ್ಕು ಕಿಲೋಮೀಟರು ದೂರದ ಆ ಅಜ್ಜಿಯನ್ನು ಮಾತನಾಡಿಸದವರು ನಾಲ್ಕುನೂರು ಕಿಲೋಮೀಟರು ದೂರದ ಸುಲ್ತಾನನ ಬಗ್ಗೆ ಗಂಟಲು ಹರಿದುಕೊಳ್ಳುವುದು ನಮಗಂತೂ ಅರ್ಥವಾಗದು.

ದಾಂಡೇಲಿಯ ಕಥೆ ಇನ್ನೂ ಸಮೀಪದ್ದು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ದೂರದೂರದ ಜಿಲ್ಲೆಗಳಿಂದ ಜನ ಬಂದು ನೆಲೆಸಿದರು. ಕನ್ನಡ, ಉರ್ದು, ಮರಾಠಿ, ಕೊಂಕಣಿ, ತೆಲು​ಗು ಒಂದೇ ಸಾಲುಮನೆಯಲ್ಲಿ ಕೇಳಿಸಿದವು. ದೇಶಕ್ಕೆಲ್ಲ ಬರೆಯುವ ಕಾಗದ ಮಾಡಿಕೊಟ್ಟ ಆ ತಲೆಮಾರಿನ ಕಾರ್ಮಿಕರು ಈಗ ಎಂಬತ್ತು ದಾಟಿದ್ದಾರೆ. ಅವರ ಮಾತನ್ನು ಕಾಗದಕ್ಕಿಳಿಸುವ ಕೆಲಸಕ್ಕೆ ಹೆಚ್ಚು ಕಾಲಾವಕಾಶ ಉಳಿದಿಲ್ಲ. ಜೋಯಿಡಾದವರಿಗೆ ಸೂಪಾ ಗೊತ್ತು. ಕಾಳಿ ನದಿಗೆ ಅಣೆಕಟ್ಟು ಬಂದು ತಾಲೂಕಿನ ಕೇಂದ್ರವೇ ಆಗಿದ್ದ ಸೂಪಾ ಪಟ್ಟಣ ಹಿನ್ನೀರಿನಲ್ಲಿ ಮುಳುಗಿತು, ಜನ ರಾಮನಗರಕ್ಕೂ ಇತರೆಡೆಗಳಿಗೂ ಹೋದರು. ನಾಡಿಗೆ ವಿದ್ಯುತ್ ಸಿಕ್ಕಿತು. ಮುಳುಗಿದ ಪಟ್ಟಣದ ಬೀದಿಗಳು ಹೇಗಿದ್ದವು, ಸಂತೆ ಎಲ್ಲಿ ಕೂಡುತ್ತಿತ್ತು, ಖಬರಸ್ತಾನ ಯಾವ ದಿಕ್ಕಿನಲ್ಲಿತ್ತು ಎಂಬುದು ಈಗ ಕೆಲವೇ ವೃದ್ಧರ ತಲೆಯಲ್ಲಿದೆ. ಮುಂಡಗೋಡದವರು ಬೇರೆಲ್ಲೂ ಹೋಗಬೇಕಾಗಿಲ್ಲ, ತಮ್ಮ ನೆರೆಯವರನ್ನು ನೋಡಿದರೆ ಸಾಕು. 1966ರಲ್ಲಿ ಅಲ್ಲಿಗೆ ಬಂದ ಟಿಬೆಟನ್ನರು ದೇಶ ಕಳೆದುಕೊಂಡಿದ್ದರು, ಗ್ರಂಥಗಳನ್ನು ಕಳೆದುಕೊಳ್ಳಲು ಒಪ್ಪಲಿಲ್ಲ. ಕಾಡು ಕಡಿದು ಜೋಳ ಬೆಳೆಯುತ್ತಿದ್ದ ವರ್ಷಗಳಲ್ಲೇ ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿ ಓದು ಮುಂದುವರಿಸಿದರು.

ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ಪ್ರತಿ ಮಸೀದಿಯ ಕಪಾಟಿನಲ್ಲಿ ಹಳೆಯ ನಿಕಾಹ್ ದಫ್ತರುಗಳಿವೆ. ವಧು ವರರ ಹೆಸರು, ಊರು, ಮೆಹರಿನ ಮೊತ್ತ, ಸಾಕ್ಷಿಗಳ ಕಸುಬು ಎಲ್ಲ ಅದರಲ್ಲಿದೆ. ಒಂದು ಪಟ್ಟಣಕ್ಕೆ ಯಾರು ಯಾವಾಗ ಎಲ್ಲಿಂದ ಬಂದರೆಂಬುದಕ್ಕೆ ಇದಕ್ಕಿಂತ ಉತ್ತಮ ಆಕರ ಸಿಗದು. ಗೆದ್ದಲು ತಿನ್ನುವ ಮೊದಲು ಮುತವಲ್ಲಿಗಳು ಅದರ ಪ್ರತಿ ತೆಗೆಸಿಡಲಿ. ವಕ್ಫ್ ಪತ್ರಗಳು, ಮಿಲ್ಲಿನ ಗುರುತಿನ ಚೀಟಿಗಳು, ಸೂಪಾದ ಪರಿಹಾರದ ಕಾಗದಗಳು, ಹಳೆಯ ಮದುವೆ ಫೋಟೊಗಳು ಇವೆಲ್ಲವೂ ದಾಖಲೆಗಳೇ. ಹಿರಿಯರ ಮಾತನ್ನು ಬರೆದುಕೊಳ್ಳುವಾಗ ದಿನಾಂಕ, ಹೇಳಿದವರ ವಯಸ್ಸು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನು ಬರೆದುಕೊಳ್ಳಿ. ಅವರ ಮಾತನ್ನು ತಿದ್ದಬೇಡಿ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಿರಿ. ಹೆಂಗಸರನ್ನು ಕೇಳಲು ಹೆಣ್ಣುಮಕ್ಕಳೇ ಹೋಗಲಿ, ಅವರಿಗೆ ತೆರೆಯುವ ಬಾಗಿಲುಗಳು ಗಂಡಸರಿಗೆ ತೆರೆಯುವುದಿಲ್ಲ. ಮದುವೆಯ ಮಂಟಪದ ಅಲಂಕಾರಕ್ಕೆ ಆಗುವ ಖರ್ಚಿನ ಹತ್ತನೆಯ ಒಂದು ಪಾಲಿನಲ್ಲಿ ಒಂದು ಮೊಹಲ್ಲಾದ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬಹುದು.

ಶೇಖ್ ಅಲಿಯವರ ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಬೇಕೆಂದು ಸಭೆಗೆ ಮುನ್ನ ಕೆಲವು ವಿದ್ಯಾರ್ಥಿಗಳು ಕೇಳಿದರು. ಇಂಗ್ಲಿಷ್ ಬಲ್ಲವರು ನ್ಯಾಷನಲ್ ಬುಕ್ ಟ್ರಸ್ಟಿನ ಚಿಕ್ಕ ಪುಸ್ತಕದಿಂದ ಆರಂಭಿಸಿ, ನಂತರ ಝಾಕಿರ್ ಹುಸೇನರ ಜೀವನಚರಿತ್ರೆಗೆ ಬನ್ನಿ. ಓದುವಾಗ ಪಕ್ಕದಲ್ಲಿ ಒಂದು ನೋಟುಪುಸ್ತಕ ಇರಲಿ, ಒಪ್ಪಿಗೆಯಾಗದ ಕಡೆ ಪುಟಸಂಖ್ಯೆ ಬರೆದಿಡಿ. ಇನ್ನು ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು, ಇಶಾ ನಮಾಝಿಗೆ ಇನ್ನೂ ಸ್ವಲ್ಪ ಹೊತ್ತಿದೆ.